ಹೊಲಿಗೆ ಕೋಣೆಗೆ ಬಂದ ಗ್ರಂಥಪಾಲಕರು

ನಮ್ಮ ಕಾಲೇಜಿನ ಗ್ರಂಥಪಾಲಕರ ಮೇಲೆ ನನಗೆ ಬಂದಷ್ಟು ಸಿಟ್ಟು ನನ್ನ ಗಂಡನ ಮೇಲೂ ಬಂದಿಲ್ಲ. ಅವರು ತೀರಿಕೊಂಡು ಕೆಲವು ತಿಂಗಳಾದವು. ಹೋದವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕೆಂದು ಕೂತು ‘ಸರಳ, ಸಜ್ಜನ, ಎಲ್ಲರೊಂದಿಗೆ ಹೊಂದಿಕೊಂಡು ಹೋಗುವ ಸ್ವಭಾವ’ ಎಂದು ಒಂದು ಸಾಲು ಬರೆದೆ. ಆಮೇಲೆ ನಾನೇ ಅದನ್ನು ಹೊಡೆದುಹಾಕಿದೆ. ಸಜ್ಜನರು ಹೌದು. ಸರಳ ಅಲ್ಲವೇ ಅಲ್ಲ. ಹೊಂದಿಕೊಂಡು ಹೋಗುವುದಂತೂ ಅವರ ಜಾಯಮಾನದಲ್ಲೇ ಇರಲಿಲ್ಲ. ಹೆಸರು ಬರೆಯುವುದಿಲ್ಲ. ಅವರನ್ನು ಬಲ್ಲವರಿಗೆ ಅರ್ಧ ಪುಟ ಓದುವುದರೊಳಗೆ ಯಾರೆಂದು ಗೊತ್ತಾಗುತ್ತದೆ. ಅರಿಯದವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ.

ಗೋಕುಲ ರಸ್ತೆಯಿಂದ ಸ್ವಲ್ಪ ಒಳಗಿರುವ ಹೆಣ್ಣುಮಕ್ಕಳ ವೃತ್ತಿ ಶಿಕ್ಷಣ ಕಾಲೇಜೊಂದರಲ್ಲಿ ನಾನು ಹೊಲಿಗೆ ಕಲಿಸುತ್ತೇನೆ. ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಓದಲಾಗದ ಹುಡುಗಿಯರು, ಮದುವೆಯಾಗಿ ಮಕ್ಕಳನ್ನು ಸಾಲೆಗೆ ಕಳಿಸಿ ಬರುವ ಹೆಂಗಸರು, ಎಲ್ಲರೂ ಒಂದೇ ತರಗತಿಯಲ್ಲಿ ಕೂಡುತ್ತಾರೆ. ಗ್ರಂಥಾಲಯ ಮೇಲಿನ ಮಹಡಿಯಲ್ಲಿತ್ತು. ಅಲ್ಲಿಗೆ ಹುಡುಗಿಯರು ಹೋಗುತ್ತಿದ್ದುದು ಫೋನ್ ಚಾರ್ಜ್ ಮಾಡಲು ಮಾತ್ರ; ಇಡೀ ಕಟ್ಟಡದಲ್ಲಿ ಸಡಿಲವಾಗದ ಪ್ಲಗ್ ಇದ್ದುದು ಅಲ್ಲೊಂದೇ. ಗ್ರಂಥಪಾಲಕರು ದಿನಾ ಧಾರವಾಡದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಎತ್ತರದ, ಒಣಕಲು ಮೈಯ, ಐವತ್ತು ದಾಟಿದ ಮನುಷ್ಯ. ಕನ್ನಡಕ ಮೂಗಿನ ಮೇಲಿದ್ದರೆ ಪರವಾಗಿಲ್ಲ. ಅದನ್ನು ಹಣೆಗೇರಿಸಿದರೋ, ಒಂದು ಪ್ರಶ್ನೆ ಬಂತೆಂದೇ ಅರ್ಥ.

ಆಗಿನ ನಮ್ಮ ಪ್ರಾಚಾರ್ಯರು ಯಾವುದೋ ತರಬೇತಿಗೆ ಹೋಗಿ ಹೊಸ ವಿಚಾರವೊಂದನ್ನು ಹೊತ್ತು ತಂದಿದ್ದರು. ಸಿಬ್ಬಂದಿಯ ಸಭೆಯಲ್ಲಿ, “ಹುಡುಗ್ಯಾರು ಲೈಬ್ರರಿಗೆ ಬರಾಕ ಒಲ್ಲರು. ಹಂಗಾರ ಲೈಬ್ರರಿಯವರ ಹುಡುಗ್ಯಾರ ಕಡೆ ಹೋಗ್ಲಿ. ಕ್ಲಾಸಿನ್ಯಾಗ ಕೂತು, ಅವರಿಗೆ ಏನು ಬೇಕು ನೋಡಿ, ಹುಡುಕಾಕ ಕಲಸ್ಲಿ,” ಎಂದರು. ನಾವೆಲ್ಲ ತಲೆಯಾಡಿಸಿದೆವು. ಇಂಥ ವಿಚಾರಗಳ ಆಯುಷ್ಯ ಒಂದು ವಾರವೆಂದು ನಮಗೆ ಅನುಭವವಿತ್ತು. ಯಾವ ವಿಭಾಗದಿಂದ ಶುರು ಮಾಡುತ್ತೀರಿ ಎಂದು ಕೇಳಿದಾಗ ಗ್ರಂಥಪಾಲಕರು ಕಂಪ್ಯೂಟರ್ ವಿಭಾಗವನ್ನು ಬಿಟ್ಟು, ಬೇಕರಿ ವಿಭಾಗವನ್ನು ಬಿಟ್ಟು, “ಹೊಲಿಗಿ,” ಎಂದರು. ಮೂಲೆಯಲ್ಲೊಂದು ಖುರ್ಚಿ ಹಾಕಿ ಕೂಡಿಸಿದರಾಯಿತು ಎಂದುಕೊಂಡು ನಾನು ಸುಮ್ಮನಿದ್ದೆ.

ಮರುದಿನ ಅವರು ಬಂದವರೇ ಖುರ್ಚಿಯತ್ತ ನೋಡಲೂ ಇಲ್ಲ. ನೇರವಾಗಿ ಕಿಟಕಿಯ ಪಕ್ಕದ ಮಶಿನ್ನಿನ ಮುಂದೆ ಕೂತುಬಿಟ್ಟರು. ನಮ್ಮಲ್ಲಿ ಇದ್ದುದರಲ್ಲೇ ಸರಾಗವಾಗಿ ಓಡುವ ಮಶಿನ್ ಅದು. ಅದಕ್ಕಾಗಿ ಹುಡುಗಿಯರು ಬೆಳಿಗ್ಗೆ ಓಡಿಬರುತ್ತಿದ್ದರು.

“ಸರ್, ಆ ಮಶಿನ್ ಹುಡುಗ್ಯಾರಿಗೆ ಬೇಕ್ರಿ,” ಎಂದೆ.

“ನಾನೂ ಅವರ ಜೋಡಿ ಪಾಳಿ ಹಚ್ಚತೀನ್ರಿ ಬಾಯಾರ. ಹೊಲಿಗಿ ಅಂದ್ರ ಏನಂತ ನನಗ ತಿಳೀದ, ಇವರಿಗೆ ಏನು ಹುಡುಕಿಕೊಡ್ಲಿ?”

ಬಾಯಾರ ಎಂದರೆ ಶಿಕ್ಷಕಿ. ಧಾರವಾಡದ ಹಳೆಯ ಮಂದಿ ಹಾಗೆ ಕರೆಯುತ್ತಿದ್ದರು. ನನಗೆ ಆಗ ನಲವತ್ತೂ ಆಗಿರಲಿಲ್ಲ. ಆ ಒಂದು ಪದದಿಂದ ಅವರು ದಿನಾ ಬೆಳಿಗ್ಗೆ ನನ್ನ ಕೂದಲು ಬೆಳ್ಳಗೆ ಮಾಡುತ್ತಿದ್ದರು.

ಹೊಲಿಗೆ ಅವರಿಗೆ ಒಲಿಯಲಿಲ್ಲ. ಮೊದಲ ವಾರವೇ ಬೆರಳಿಗೆ ಸೂಜಿ ಹೊಡೆಸಿಕೊಂಡರು. ಹುಡುಗಿಯರು ಚೀರಿದರು, ನಾನು ಬಟ್ಟೆ ಹರಿದು ಸುತ್ತಿದೆ. ಅವರು ಇನ್ನೊಂದು ಕೈಯಿಂದ ಕನ್ನಡಕ ಹಣೆಗೇರಿಸಿ, “ಸೂಜಿ ಬಡದ್ರ ಏನು ಮಾಡಬೇಕು ಅನ್ನೂದು ಈ ಖೋಲ್ಯಾಗ ಎಲ್ಲೆರ ಬರದದ ಏನು?” ಎಂದು ವಿಚಾರಿಸಿದರು. ಇನ್ನೊಮ್ಮೆ ದಿಂಬಿನ ಗವಸು ಹೊಲಿಯಲು ಕೊಟ್ಟರೆ ನಾಲ್ಕೂ ಕಡೆ ಅಚ್ಚುಕಟ್ಟಾಗಿ ಹೊಲಿದು ಮುಚ್ಚಿ ತಂದರು. ದಿಂಬನ್ನು ಎಲ್ಲಿಂದ ತುರುಕುವುದೆಂದು ಕೇಳಿದಾಗ, ಅವರ ಮುಖದಲ್ಲಿ ಆದ ಆಶ್ಚರ್ಯ ನೋಡಿ ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವರೂ ನಕ್ಕರು. ನಾನೊಬ್ಬಳೇ ನಗಲಿಲ್ಲ. ಹಾಳಾದದ್ದು ನನ್ನ ವಿಭಾಗದ ಬಟ್ಟೆ.

ಇವೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು, “ಬಾಯಾರ, ಒಂದು ಸಂಶಯ ಅದ.” ಪಾಠದ ನಟ್ಟನಡುವೆ, ಹಲಗೆಯ ಮೇಲೆ ನಾನು ಗೀಟು ಎಳೆಯುತ್ತಿರುವಾಗ, ಬೆನ್ನ ಹಿಂದಿನಿಂದ ಬರುತ್ತಿತ್ತು.

“ಭುಜದ ಇಳುಕಲು ಇಷ್ಟು ಬಿಡಬೇಕು ಅಂದ್ರಿ. ಇದನ್ನ ಯಾರು ಹೇಳಿದ್ದು?”

“ನಾ ಹೇಳಾಕತ್ತೇನ್ರಿ.”

“ನಿಮಗ ಯಾರು ಹೇಳಿದ್ರು?”

“ನಮಗ ಕಲಿಸಿದವರು.”

“ಅವರಿಗೆ?”

ಹುಡುಗಿಯರು ಸೆರಗಿನಲ್ಲಿ, ದುಪ್ಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನನ್ನನ್ನು ಸಿಕ್ಕಿಸಬೇಕೆಂದು ಗ್ರಂಥಪಾಲಕರು ಕೇಳುತ್ತಿರಲಿಲ್ಲ, ಅದು ನನಗೂ ಗೊತ್ತಿತ್ತು. ನಿಜವಾಗಿ ಅವರಿಗೆ ತಿಳಿಯಬೇಕಾಗಿತ್ತು. ಆದರೆ ವರ್ಷದ ಕೊನೆಗೆ ಪರೀಕ್ಷೆ ಬರೆಯುವವರು ಅವರಲ್ಲ, ಈ ಹುಡುಗಿಯರು. ಪಠ್ಯಕ್ರಮ ಮುಗಿಸದಿದ್ದರೆ ಮೇಲಿನವರಿಗೆ ಉತ್ತರ ಕೊಡಬೇಕಾದವಳು ನಾನು.

ಉಪಕಾರ ಆಗಲಿಲ್ಲವೆಂದು ಹೇಳಲಾರೆ. ನಮ್ಮ ಹುಡುಗಿಯರು ಪುಸ್ತಕ ಮುಟ್ಟದಿದ್ದರೂ ಫೋನಿನಲ್ಲಿ ಹೊಲಿಗೆಯ ವಿಡಿಯೋ ನೋಡದ ದಿನವಿಲ್ಲ. ಒಬ್ಬಳು ಅಂಥ ಒಂದು ವಿಡಿಯೋ ನಂಬಿ ಅಕ್ಕನ ಮದುವೆಯ ಜಂಪರಿನ ಬಟ್ಟೆ ಕತ್ತರಿಸಿ, ತೋಳು ಗಿಡ್ಡಾಗಿ, ಅಳುತ್ತ ಬಂದಳು. ನಾನಾದರೆ ಫೋನ್ ಕಸಿದು ಬೈಯುತ್ತಿದ್ದೆ. ಅವರು ಅವಳ ಪಕ್ಕ ಕೂತು ಅದೇ ವಿಡಿಯೋವನ್ನು ಮತ್ತೆ ಹಾಕಿಸಿದರು. “ಈಕಿ ಯಾರ ಅಳತಿಗೆ ಹೊಲಿಲಿಕ್ಕೆ ಹತ್ಯಾಳ? ಆ ಅಳತಿ ಎಲ್ಲಿ ಹೇಳ್ಯಾಳ? ಹೇಳದ ಬಿಟ್ಟಿದ್ದು ಏನದ?” ಎಂದು ಒಂದೊಂದಾಗಿ ಕೇಳಿದರು. ಹೊಲಿಗೆಗೆಂದು ಅಂಚಿನಲ್ಲಿ ಬಿಡುವ ಬಟ್ಟೆಯ ಮಾತು ಅದೇ ಹೆಂಗಸಿನ ಇನ್ನೊಂದು ವಿಡಿಯೋದಲ್ಲಿತ್ತು. ಹುಡುಗಿ ಅದನ್ನು ತಾನೇ ಹುಡುಕಿ ತೆಗೆದಳು. ಮಾರನೆಯ ದಿನದಿಂದ ಎಲ್ಲರೂ ಯಾವ ವಿಡಿಯೋ ಬಂದರೂ ಅದೇ ಪ್ರಶ್ನೆಗಳನ್ನು ಕೇಳತೊಡಗಿದರು. ವಿಡಿಯೋ ಮುಗಿದ ಮೇಲೆ ನನ್ನನ್ನೂ ಕೇಳತೊಡಗಿದರು. ಒಬ್ಬ ಗ್ರಂಥಪಾಲಕರಿಂದಲೇ ಸಾಕಾಗಿಹೋಗಿದ್ದ ನನಗೆ ತರಗತಿಯ ತುಂಬ ಗ್ರಂಥಪಾಲಕರಾದರು.

ಹೊಲಿಗೆಗೆ ಸಂಬಂಧಿಸಿದ ಪುಸ್ತಕಗಳನ್ನೆಲ್ಲ ಅವರು ಕೈಚೀಲದಲ್ಲಿ ತುಂಬಿ ಕೆಳಗೆ ತಂದು ಇಸ್ತ್ರಿ ಮೇಜಿನ ಪಕ್ಕ ಜೋಡಿಸಿದ್ದರು. ಮಶಿನ್ನಿನ ಎಣ್ಣೆ, ಸೀಮೆಸುಣ್ಣದ ಪುಡಿ, ಒಮ್ಮೊಮ್ಮೆ ಡಬ್ಬಿಯ ಪಲ್ಯ, ಎಲ್ಲ ಆ ಪುಟಗಳಿಗೆ ಹತ್ತಿದವು. ನಾನು ಸಂಕೋಚದಿಂದ ತೋರಿಸಿದರೆ, “ಛಲೋ ಆತು ಬಿಡ್ರಿ, ಈಗ ಇವು ಪುಸ್ತಕ ಅನ್ನಿಸಿಕೊಂಡ್ವು,” ಎಂದರು. ಇಂಥ ಮಾತಿಗೆ ಏನೆನ್ನಬೇಕು?

ಇನ್ನು ರೇಣುಕಾಳ ವಿಷಯ. ನಾನು ಈ ಮನುಷ್ಯನೊಡನೆ ಗಂಟಲು ಹರಿಯುವಂತೆ ಜಗಳವಾಡಿದ್ದು ಅವಳ ಸಲುವಾಗಿ.

ರೇಣುಕಾ ತಾರಿಹಾಳದ ಕಡೆಯಿಂದ ಬರುತ್ತಿದ್ದ ಮೂವತ್ತರ ಆಸುಪಾಸಿನ ಹೆಂಗಸು. ಗಂಡ ಅಲ್ಲಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇಥ್ ಮಶಿನ್ ನಡೆಸುತ್ತಿದ್ದ. ಕೈ ಚುರುಕು, ಆದರೆ ದಿನಾ ತಡ. ನಾನು ದಿನಾ ಬೈಯುವುದು, ಅವಳು ದಿನಾ ತಲೆ ತಗ್ಗಿಸುವುದು ನಡೆದಿತ್ತು. ಒಂದು ಬೆಳಿಗ್ಗೆ ಗ್ರಂಥಪಾಲಕರು ಕನ್ನಡಕ ಹಣೆಗೇರಿಸಿ, “ಯಾಕ ತಡಾ ಆಗ್ತದವಾ ನಿನಗ?” ಎಂದು ಕೇಳಿದರು.

“ಅತ್ತಿಗೆ ಲಕ್ವಾ ಹೊಡದೈತ್ರಿ ಸರ್. ಎಡಗೈ ಏಳಂಗಿಲ್ಲ. ಕುಬಸ ತೊಡಸೂದ ದೊಡ್ಡ ಯುದ್ಧರೀ. ಕೈ ಜಗ್ಗಿದ್ರ ಚೀರತಾಳು, ಜಗ್ಗಲಿಲ್ಲಂದ್ರ ತೋಳ ಏರಂಗಿಲ್ಲ. ನನ್ನ ಬೈತಾಳು, ನಾನೂ ಬೈತೇನಿ. ಅಷ್ಟರಾಗ ಬಸ್ ಹೋಗಿರತೈತಿ.”

“ಹಂಗಾರ ನಿನ್ನ ಪ್ರಶ್ನಿ ಸಿಕ್ಕತಲ್ಲವಾ. ಏಳದ ಕೈಗೆ ಕುಬಸ ಹೆಂಗ ಹೊಲೀಬೇಕು? ಬಾ, ಹುಡುಕೋಣು.”

ಅಲ್ಲಿಂದ ಇಬ್ಬರಿಗೂ ಹುಚ್ಚು ಹಿಡಿಯಿತು. ನಮ್ಮ ಪುಸ್ತಕಗಳಲ್ಲಿ ಇರಲಿಲ್ಲ. ಧಾರವಾಡದ ಗ್ರಂಥಾಲಯಗಳಲ್ಲಿ ಅವರು ಹುಡುಕಿ ಬಂದರು, ಅಲ್ಲಿಯೂ ಇರಲಿಲ್ಲ. ಫೋನಿನಲ್ಲಿ ಸಿಕ್ಕಿದ್ದು ಹೊರದೇಶದವರ ಅಂಗಿಗಳು. ಸೀರೆಯುಡುವ, ಮೈಗೆ ಬಿಗಿಯಾಗಿ ಕುಬಸ ತೊಡುವ ನಮ್ಮ ಮುದುಕಿಯರ ವಿಚಾರ ಯಾರೂ ಮಾಡಿದಂತಿರಲಿಲ್ಲ. ಕೊನೆಗೆ ಅವರು ರೇಣುಕಾಳನ್ನು ಒಂದು ದವಾಖಾನೆಯ ಫಿಸಿಯೋಥೆರಪಿ ವಿಭಾಗಕ್ಕೆ ಕರೆದುಕೊಂಡು ಹೋದರು. ಅಲ್ಲಿನ ನರ್ಸ್, ಮೊದಲು ಸೋತ ಕೈಗೆ ತೋಳು ಏರಿಸಬೇಕು, ಆಮೇಲೆ ಗಟ್ಟಿ ಕೈಗೆ, ಬಿಚ್ಚುವಾಗ ತಿರುವುಮುರುವು ಎಂದು ತೋರಿಸಿದಳಂತೆ. ಇಷ್ಟು ದಿನ ರೇಣುಕಾ ಅದನ್ನು ಉಲ್ಟಾ ಮಾಡುತ್ತಿದ್ದಳು. ಮರುದಿನ ಮುದುಕಿ ಮೊದಲಿನಷ್ಟು ಚೀರಲಿಲ್ಲವೆಂದು ಅವಳು ಕಣ್ಣು ತುಂಬಿಕೊಂಡು ಹೇಳಿದಳು. ಕೇಳಿ ನನಗೂ ಸಂತೋಷವಾಯಿತು.

ಆದರೆ ಅವಳು ದವಾಖಾನೆಗೆ ಹೋದದ್ದು ನಮ್ಮ ಪೂರ್ವಸಿದ್ಧತಾ ಪರೀಕ್ಷೆಯ ದಿನ. ಆ ಪರೀಕ್ಷೆಯಲ್ಲಿ ಕಾಲರ್ ಇರುವ ಅಂಗಿ ಹೊಲಿಯುವುದಿತ್ತು. ಅವಳು ಅದುವರೆಗೆ ಒಂದೇ ಒಂದು ಕಾಲರ್ ಹೊಲಿದಿರಲಿಲ್ಲ. ಪಾಳಿಯಲ್ಲಿ ಸಿಕ್ಕ ಮಶಿನ್ನಿನ ಹೊತ್ತೆಲ್ಲ ಆ ಕುಬಸದ ಪ್ರಯೋಗಗಳಿಗೇ ಹೋಗಿತ್ತು. ನಾನು ಮಹಡಿ ಹತ್ತಿ ಗ್ರಂಥಾಲಯಕ್ಕೆ ನುಗ್ಗಿದೆ.

“ಆಕಿಗೆ ಸರ್ಟಿಫಿಕೇಟ್ ಬೇಕ್ರಿ ಸರ್. ಅದಿಲ್ಲಂದ್ರ ಯಾವ ಗಾರ್ಮೆಂಟಿನವರೂ ಒಳಗ ಬಿಟ್ಟಕೊಳ್ಳೂದಿಲ್ಲ. ಪ್ರಾಕ್ಟಿಕಲ್ಲಿಗೆ ಕಾಲರ್ ಬರತೈತಿ, ಕುಬಸ ಬರಂಗಿಲ್ಲ!”

“ಪರೀಕ್ಷಾ ವರ್ಷಕ್ಕ ಒಮ್ಮೆ ಬರ್ತದ ಬಾಯಾರ. ಆ ಮುದುಕಿ ಕೈಗೆ ಕುಬಸ ದಿನಾ ಮುಂಜಾನೆ ತೊಡಸಬೇಕು.”

“ಮಾತು ಛಲೋ ಐತಿ. ಆಕಿ ಫೇಲಾದ್ರ ಆಕಿ ಗಂಡ ಮತ್ತ ಹೊಸ್ತಲಾ ದಾಟಾಕ ಬಿಡಂಗಿಲ್ಲ. ಆವಾಗ ನಿಮಗೇನು ಹೋಗತೈತಿ? ನಿಮ್ಮ ಪಗಾರ ನಿಮಗ ಬರತೈತಿ.”

ಅವರು ಮುಖ ಸಣ್ಣದು ಮಾಡಿಕೊಂಡು ನಿಂತರು. ಸರಿ, ಬುದ್ಧಿ ಬಂತು ಎಂದುಕೊಂಡು ಕೆಳಗಿಳಿದೆ. ಬಂದಿರಲಿಲ್ಲ. ಮರುದಿನವೂ ಇಬ್ಬರೂ ಎಡ ಭುಜದ ಮೇಲೆ, ಕುತ್ತಿಗೆಯಿಂದ ತೋಳಿನ ತುದಿಯವರೆಗೆ, ಪೂರ್ತಿ ಬಿಚ್ಚಿಕೊಳ್ಳುವ ಕುಬಸದ ಕಾಗದದ ನಮೂನೆ ಕತ್ತರಿಸುತ್ತ ಕೂತಿದ್ದರು. ಅದಕ್ಕೆ ಗುಂಡಿಯ ಬದಲು ಚರ್ ಎಂದು ಕಿತ್ತು ಬರುವ ವೆಲ್ಕ್ರೋ ಪಟ್ಟಿ. ಒಂದೇ ಕೈಯಿಂದ ತೆಗೆದು ಹಾಕಬಹುದಂತೆ.

ಕುಬಸ ಆಯಿತು. ಪರೀಕ್ಷೆಯೂ ಆಯಿತು. ರೇಣುಕಾಳ ಕಾಲರಿನ ಒಂದು ತುದಿ ಮೇಲಕ್ಕೆ, ಇನ್ನೊಂದು ಕೆಳಕ್ಕೆ ನೋಡುತ್ತಿತ್ತು. ಪ್ರಾಕ್ಟಿಕಲ್ಲಿನಲ್ಲಿ ಫೇಲಾದಳು. ನಾನು ಹೇಳಿದಂತೆಯೇ ಗಂಡ ಅವಳನ್ನು ಮನೆಯಲ್ಲಿ ಕೂಡಿಸಿದ.

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ದಿನ ಮರುಗಿ ಬಿಡುತ್ತಿದ್ದರು. ಇವರು ಯಾರಿಗೂ ಹೇಳದೆ, ಒಬ್ಬರೇ, ತಾರಿಹಾಳದ ಬಸ್ ಹತ್ತಿ ಅವಳ ಮನೆಗೆ ಹೋಗಿದ್ದರು. ಅಲ್ಲಿ ಆದದ್ದನ್ನು ಆಮೇಲೆ ರೇಣುಕಾಳೇ ನನಗೆ ಹೇಳಿದಳು.

“ನೀವ್ಯಾರ್ರಿ? ಹೊಲಿಗಿ ಮಾಸ್ತರೇನು?” ಎಂದು ಅವಳ ಗಂಡ ಕೇಳಿದನಂತೆ.

“ಅಲ್ಲ, ನಾ ಗ್ರಂಥಪಾಲಕ.”

“ಈಕಿ ಹೊಲಿಗ್ಯಾಗ ಫೇಲಾದ್ರ ಪುಸ್ತಕದವರ ಯಾಕ ಬಂದ್ರಿ?”

ಅಲ್ಲಿಗಾದರೂ ಕೈಮುಗಿದು ಎದ್ದು ಬರಬೇಕೋ ಬೇಡವೋ? ಇವರು ಆ ಪರೀಕ್ಷೆಯ ಪದ್ಧತಿಯೇ ಸರಿಯಿಲ್ಲವೆಂದು, ಅದರಲ್ಲಿ ರೇಣುಕಾಳ ತಪ್ಪಿಲ್ಲವೆಂದು ಸವಿಸ್ತಾರವಾಗಿ ವಿವರಿಸಿದರು. ಅವನು ಎಲ್ಲ ಕೇಳಿ, “ಪರೀಕ್ಷಾನ ಸರಿ ಇಲ್ಲಂದ್ರ ಮತ್ತ್ಯಾಕ ಕಟ್ಟಬೇಕ್ರಿ ಅದನ್ನ? ಮನ್ಯಾಗ ಇರ್ಲಿ ಬಿಡ್ರಿ,” ಎಂದು ಬಾಗಿಲು ತೋರಿಸಿದ.

ಮರುದಿನ ಬೆಳಿಗ್ಗೆ ಅವರು ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ. “ಬಾಯಾರ, ನಾ ಹೋಗಿ ಕೆಡಿಸಿ ಬಂದೀನಿ. ನೀವು ಬರಬೇಕಾಗ್ತದ,” ಎಂದರು. ಇಷ್ಟು ವರ್ಷಗಳಲ್ಲಿ ಅವರ ಬಾಯಿಂದ ಅಂಥ ಮಾತು ಬಂದದ್ದು ಅದೊಂದೇ ಸಲ.

ಹೋದೆವು. ದಾರಿಯುದ್ದಕ್ಕೂ ನಾನು ಹೇಳಿದ್ದು ಒಂದೇ ಮಾತು: “ಅಲ್ಲಿ ನೀವು ಬಾಯಿ ತಗೀಬ್ಯಾಡ್ರಿ.”

ಮುಂದಿನ ಕೋಣೆಯಲ್ಲಿ ಮಂಚದ ಮೇಲೆ ಅತ್ತೆ ಕೂತಿದ್ದಳು. ನೇರಳೆ ಬಣ್ಣದ ಆ ಕುಬಸ ಮೈಮೇಲಿತ್ತು. ಗಂಡ ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದ. ನಾನು ಯಾರೆಂದು ರೇಣುಕಾ ಹೇಳುತ್ತಿದ್ದಂತೆ ಮುದುಕಿ ಶುರು ಮಾಡಿದಳು.

“ನೀವ ಏನ್ರಿ ಈಕಿಗೆ ಕಲಿಸಿದವರು? ಬರ್ರಿ ಇಲ್ಲೆ. ಈ ಪಟ್ಟಿ ಚುಚ್ಚತೈತಿ. ಹೆಗಲ ಎಲ್ಲಾ ಕೆಂಪಗಾಗೈತಿ. ಇದೇನ ಕುಬಸೋ, ಜಾಲಿ ಮುಳ್ಳೋ?”

ಗ್ರಂಥಪಾಲಕರು ಸಡಗರದಿಂದ ಎದ್ದು, “ಎಲ್ಲಿ ಚುಚ್ಚತದ ತೋರಸ್ರಿ ಅಜ್ಜಿ,” ಎಂದು ಹೊರಟೇಬಿಟ್ಟರು. ನಾನು ಅವರ ಅಂಗಿಯ ತೋಳು ಹಿಡಿದು ಜಗ್ಗಿ ಕೂಡಿಸಿದೆ. ಗಂಡ ಚಹಾದ ಕಪ್ಪು ಕೆಳಗಿಟ್ಟು ನೋಡುತ್ತಿದ್ದ.

ಕುಬಸ ನೋಡಿದೆ. ಕತ್ತರಿಸಿದ್ದು ಚೆನ್ನಾಗಿತ್ತು. ನನ್ನನ್ನು ಕೇಳದೆ ರೇಣುಕಾ ಇಷ್ಟು ಚೆನ್ನಾಗಿ ಕತ್ತರಿಸಿದ್ದಾಳಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. ಆದರೆ ವೆಲ್ಕ್ರೋ ಪಟ್ಟಿಯ ಒರಟು ಭಾಗವನ್ನು ಮೇಲಿನ ಪದರಕ್ಕೆ, ಒಳಮುಖವಾಗಿ ಹಚ್ಚಿದ್ದರು. ಕೈ ಸ್ವಲ್ಪ ಸರಿದರೂ ಅದು ಚರ್ಮಕ್ಕೆ ತಾಗುವುದೇ. ರೇಣುಕಾಳ ಮನೆಯಲ್ಲಿ ಹಳೆಯದೊಂದು ಮಶಿನ್ ಇತ್ತು. ಆ ಕುಬಸ ಬಿಚ್ಚಿಸಿಕೊಂಡು, ಮುದುಕಿಗೆ ಬೇರೆಯದನ್ನು ತೊಡಿಸಿ, ಪಟ್ಟಿಗಳನ್ನು ಅದಲುಬದಲು ಮಾಡಿದೆ. ಒರಟು ಭಾಗ ಕೆಳಗಿನ ಪದರದ ಮೇಲೆ, ಹೊರಮುಖವಾಗಿ. ಅದರ ಅಡಿಗೆ ಹಳೆಯ ಧೋತರದ ಮೆತ್ತನೆಯ ಬಟ್ಟೆಯ ಅಗಲವಾದ ಒಳಪಟ್ಟಿ. ರೇಣುಕಾ ಪಕ್ಕದಲ್ಲಿ ಕೂತು ನೋಡಿದಳು. ಗ್ರಂಥಪಾಲಕರೂ ನೋಡಿದರು, ಬಾಯಿ ಬಿಗಿಹಿಡಿದುಕೊಂಡು, ಮೈಯಲ್ಲಿ ಏನೋ ಹರಿದಾಡಿದವರ ಹಾಗೆ ಒದ್ದಾಡುತ್ತ.

ಮುದುಕಿ ಅದನ್ನು ಮತ್ತೆ ತೊಟ್ಟಳು. ಬಲಗೈಯಿಂದ ಎಡ ಭುಜದ ಪಟ್ಟಿಯನ್ನು ಚರ್ ಎಂದು ಕಿತ್ತಳು, ಹಚ್ಚಿದಳು. ಮತ್ತೆ ಕಿತ್ತಳು, ಮತ್ತೆ ಹಚ್ಚಿದಳು. ಲಕ್ವಾ ಹೊಡೆದ ಮೇಲೆ ತನ್ನ ಬಟ್ಟೆಯನ್ನು ತಾನು ಹಾಕಿಕೊಂಡದ್ದು ಆವತ್ತೇ ಇರಬೇಕು. ಆ ಚರ್ ಚರ್ ಸಪ್ಪಳವೊಂದೇ ಕೋಣೆಯಲ್ಲಿತ್ತು. ಆಮೇಲೆ ಅವಳು ಮಗನ ಕಡೆ ತಿರುಗಿ, “ಏ, ಆಕಿನ್ನ ಕಳಸೋ ಕಾಲೇಜಿಗೆ. ಮನ್ಯಾಗ ಇದ್ರ ದಿನಪೂರ್ತಿ ನನ್ನ ಮ್ಯಾಲ ಸಿಟ್ಟ ತಗೀತಾಳು. ನನಗ ಸಾಕಾಗೇತಿ,” ಎಂದಳು.

ರೇಣುಕಾ ನಕ್ಕಳೋ ಅತ್ತಳೋ ಹೇಳುವುದು ಕಷ್ಟ. ಗಂಡ ಕಪ್ಪನ್ನು ತಿರುಗಿಸುತ್ತ ನನ್ನನ್ನಷ್ಟೇ ನೋಡಿ, “ಇನ್ನೊಂದ್ ಸಲ ರೀ ಮೇಡಂ. ಆಮ್ಯಾಲ ಮುಗೀತು,” ಎಂದ.

ಮರಳಿ ಬರುವಾಗ ಬಸ್ಸಿನಲ್ಲಿ ಗ್ರಂಥಪಾಲಕರು ಕನ್ನಡಕ ಹಣೆಗೇರಿಸಿದರು. “ಬಾಯಾರ, ಒಂದು ಸಂಶಯ ಅದ.”

“ಹೇಳ್ರಿ.”

“ಒರಟ ಪಟ್ಟಿ ಕೆಳಗಿರಬೇಕು ಅನ್ನೂದು ನಮಗ ಯಾವ ಪುಸ್ತಕದಾಗೂ ಸಿಗಲಿಲ್ಲ. ಅಷ್ಟು ಹುಡುಕಿದ್ವಿ, ಅಷ್ಟು ಮಂದಿನ್ನ ಕೇಳಿದ್ವಿ. ನಿಮ್ಮನ್ನ ಯಾಕ ಕೇಳಲಿಲ್ಲ ನಾವು?”

“ಅದನ್ನ ನನ್ನ ಕೇಳಬ್ಯಾಡ್ರಿ, ನಿಮ್ಮನ್ನ ನೀವ ಕೇಳಿಕೊಳ್ರಿ,” ಎಂದೆ. ಒಂದೇ ಕೋಣೆಯಲ್ಲಿ, ಕೈಯಳತೆಯ ದೂರದಲ್ಲಿ, ನಾನು ದಿನಾ ನಿಂತಿರುತ್ತಿದ್ದೆ. ಭುಜದ ಇಳುಕಲನ್ನು ಯಾರು ಹೇಳಿಕೊಟ್ಟರೆಂದು ಕೇಳಲು ನಾನು ಕಂಡಿದ್ದೆ, ಇದನ್ನು ಕೇಳಲು ಕಾಣಲಿಲ್ಲ.

ಆಮೇಲೆ ಭಾನುವಾರಗಳಲ್ಲಿ ರೇಣುಕಾಳನ್ನು ನನ್ನ ಮನೆಗೇ ಕರೆಸಿ ಕಾಲರ್ ಹೊಲಿಸಿದೆ. ಬಿಚ್ಚಿಸಿದೆ, ಮತ್ತೆ ಹೊಲಿಸಿದೆ. ಮರುಪರೀಕ್ಷೆಯಲ್ಲಿ ಪಾಸಾದಳು. ರಾಯಾಪುರದ ಕಡೆ ಒಂದು ಗಾರ್ಮೆಂಟ್ ಘಟಕದಲ್ಲಿ ಕೆಲಸವೂ ಸಿಕ್ಕಿತು. ಮೊದಲ ವಾರವೇ ಫೋನ್ ಮಾಡಿ, “ಮೇಡಂ, ಬರೇ ಕಾಲರ್ ರೀ. ಮುಂಜಾನಿಂದ ಸಂಜೀತನಕ ಕಾಲರ್ ಹಚ್ಚೂದು. ಬ್ಯಾರೆ ಏನೂ ಇಲ್ಲ,” ಎಂದಳು. ಅದನ್ನು ಗ್ರಂಥಪಾಲಕರಿಗೆ ಹೇಳಿದರೆ ಅವರು ಮೇಜು ಹಿಡಿದುಕೊಂಡು ನಕ್ಕರು. ಗೆದ್ದವರು ಯಾರು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಆ ದವಾಖಾನೆಯ ನರ್ಸ್ ಆಗಾಗ ಯಾರದಾದರೂ ಅಳತೆ ಕಳಿಸುತ್ತಾಳಂತೆ. ರೇಣುಕಾ ರಜೆಯ ದಿನ ಅಂಥ ಕುಬಸ ಹೊಲಿದುಕೊಡುತ್ತಾಳೆ. ಸಂಶಯ ಬಂದರೆ ಈಗ ನನಗೇ ಫೋನ್ ಮಾಡುತ್ತಾಳೆ.

ಪ್ರಾಚಾರ್ಯರು ಬದಲಾದರು. ಹೊಸಬರು ತಪಾಸಣೆಗೆ ಬರುವವರಿಗೆ ಗ್ರಂಥಾಲಯ ಚೊಕ್ಕಟವಾಗಿ ಕಾಣಬೇಕೆಂದು ಪುಸ್ತಕಗಳನ್ನು ಮಹಡಿಗೆ ಹೊರಿಸಿ, ಕಪಾಟುಗಳಿಗೆ ಬೀಗ ಹಾಕಿಸಿ, ಗ್ರಂಥಪಾಲಕರನ್ನು ಅವುಗಳ ನಡುವೆ ಕೂಡಿಸಿದರು. ಎಣ್ಣೆ ಹತ್ತಿದ ಪುಸ್ತಕಗಳ ಬಗ್ಗೆ ಅವರಿಂದ ವಿವರಣೆ ಕೇಳಿದರು. ನಾನು ಅವರ ಪರವಾಗಿ ಹೋಗಿ ಮಾತಾಡಿದೆ, ನಡೆಯಲಿಲ್ಲ. ನನ್ನ ತರಗತಿ ಶಾಂತವಾಯಿತು, ಪಠ್ಯಕ್ರಮ ಹೊತ್ತಿಗೆ ಸರಿಯಾಗಿ ಮುಗಿಯತೊಡಗಿತು. ಹಲಗೆಯ ಮೇಲೆ ಗೀಟು ಎಳೆಯುವಾಗ ಒಮ್ಮೊಮ್ಮೆ ಕೈ ತಡೆದು ನಿಲ್ಲುತ್ತಿದ್ದೆ, ಹಿಂದೆ ಯಾರೋ ಏನೋ ಕೇಳಿದಂತಾಗಿ. ಅವರು ನಿವೃತ್ತರಾದ ದಿನ ಶಾಲು ಹೊದಿಸಿದಾಗ, ಬೀಗ ಹಾಕಿದ ಕಪಾಟುಗಳ ಮೇಲೆ ಎಷ್ಟು ಹೊತ್ತು ಮಾತಾಡಿದರೆಂದರೆ ಪ್ರಾಚಾರ್ಯರು ಚಹಾ ತರಿಸಿ ನಡುವೆಯೇ ಹಂಚಿಸಿದರು.

ನಿವೃತ್ತಿಯ ಮರುವರ್ಷ ಒಂದು ಬೆಳಿಗ್ಗೆ ಎದೆನೋವು ಬಂದು ಹೋದರಂತೆ. ನನಗೆ ತಿಳಿದದ್ದು ತಡವಾಗಿ. ಬಂದವರೆಲ್ಲ ಹೋದ ಮೇಲೆ ಧಾರವಾಡದ ಅವರ ಮನೆ ಹುಡುಕಿಕೊಂಡು ಹೋದೆ. ಬಡಾವಣೆಯೊಂದರಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅವರ ಹೆಂಡತಿ ಬಾಗಿಲು ತೆರೆದರು. ಅಲ್ಲಿಯವರೆಗೆ ನಾನು ಅವರನ್ನು ನೋಡಿರಲಿಲ್ಲ.

“ನಾ ಅವರ ಕಾಲೇಜಿನಾಕಿರಿ. ಹೊಲಿಗಿ ಕಲಸ್ತೇನಿ. ನಮ್ಮ ಕ್ಲಾಸಿಗೆ ಬರ್ತಿದ್ರು,” ಎಂದೆ.

“ಹೊಲಿಗಿ ಕ್ಲಾಸಿಗೆ? ಇವರು? ಯಾಕ?”

“ಕಲೀಲಿಕ್ಕೆ. ಹುಡುಗ್ಯಾರ ಜೋಡಿ ಕೂತು ಮಶಿನ್ ತುಳೀತಿದ್ರು.”

ಅವರು ನನ್ನನ್ನೇ ನೋಡಿದರು. ಆಮೇಲೆ ಕೋಣೆಯ ಮೂಲೆಯತ್ತ ನೋಡಿದರು. ಅಲ್ಲಿ ಹೂವಿನ ಬಟ್ಟೆ ಹೊದಿಸಿದ ಹೊಲಿಗೆ ಮಶಿನ್ ಇತ್ತು. ಪಕ್ಕದ ಖುರ್ಚಿಯ ಮೇಲೆ ಫಾಲ್ ಹಚ್ಚಲು ಬಂದ ಸೀರೆಗಳ ಗಂಟು.

“ಮದುವಿ ಆದಾಗಿಂದ ಹೊಲೀತೀನ್ರಿ ನಾನು,” ಎಂದರು. “ಓಣಿಯವರ ಸೀರಿ ಎಲ್ಲಾ ನನ್ನ ಕಡೆನೇ ಬರ್ತಾವ. ಇವರು ಅದಽ ಖುರ್ಚಿ ಮ್ಯಾಲೆ ಕೂತು ಪೇಪರ್ ಓದತಿದ್ರು. ಒಂದು ದಿನ ಏನು ಹೊಲೀತಿ ಅಂತ ಕೇಳಲಿಲ್ಲ ನೋಡ್ರಿ. ಬಂದ್ರು, ಉಂಡ್ರು, ಮಲಗಿದ್ರು. ಮನ್ಯಾಗ ಮಾತಽ ಇದ್ದಿಲ್ಲ ಅವರದು. ನನಗೇನು ತಿಳೀತದಂತ ಬಿಟ್ಟಿರಬೇಕು, ನಾ ಬರೇ ಏಳನೇ ಕ್ಲಾಸ್ ಕಲಿತಾಕಿ.”

ಅವರು ನೀರು ತಂದುಕೊಟ್ಟು ಎದುರಿಗೆ ಕೂತರು. “ಅಲ್ಲಿ ಮಾತಾಡ್ತಿದ್ರೇನು?” ಎಂದು ಕೇಳಿದರು, ದೂರದ ಊರಿನಲ್ಲಿ ಮಳೆಯಾಯಿತೇ ಎಂದು ಕೇಳುವವರ ಹಾಗೆ.

ಹೇಳಿದೆ. ಮೊದಲು ಎರಡು ಮಾತು ಹೇಳಿ ಏಳೋಣವೆಂದಿದ್ದೆ. ಅವರು, “ಮುಂದ?” ಎಂದರು. ಮತ್ತೆ ಹೇಳಿದೆ. ಅವರು ನಕ್ಕರು. ಒಂದು ಕಡೆ ಕಣ್ಣೊರೆಸಿಕೊಂಡರು, ಮತ್ತೊಂದು ಕಡೆ, “ಖರೇನಽ? ಹಂಗಂದ್ರಾ?” ಎಂದು ನನ್ನ ಮೊಣಕೈ ಹಿಡಿದರು. ಮಧ್ಯಾಹ್ನ ಇಳಿಯಿತು. ಅವಲಕ್ಕಿ ಕಲಸಿಕೊಟ್ಟು ಮತ್ತೆ ಕೂತು, “ಸಾವಕಾಶ ಹೇಳ್ರಿ, ಏನೂ ಬಿಡಬ್ಯಾಡ್ರಿ,” ಎಂದರು. ಯಾವ ಗಂಡಸಿನ ಬಾಯಿ ಮುಚ್ಚಿಸಲು ವರ್ಷಗಟ್ಟಲೆ ಒದ್ದಾಡಿದ್ದೆನೋ ಅವನ ಒಂದೊಂದು ಮಾತನ್ನೂ ಅವನ ಹೆಂಡತಿಗೆ ನೆನಪಿಸಿಕೊಂಡು ಹೇಳುತ್ತ ಕೂತಿದ್ದೆ.

ಹೇಳುತ್ತ ಹೋದಂತೆ ಮನಸ್ಸು ಹಗುರಾಗಲಿಲ್ಲ. ಸಿಟ್ಟು ಏರುತ್ತಲೇ ಹೋಯಿತು. ಎಲ್ಲಿಯದೋ ಮುದುಕಿಯ ಕೈಯ ಸಲುವಾಗಿ ಊರೆಲ್ಲ ಅಲೆದ ಮನುಷ್ಯ, ಒಂದು ಸಂಜೆ ಪೇಪರ್ ಕೆಳಗಿಟ್ಟು ಈ ಹೆಂಗಸನ್ನು ಏನಾದರೂ ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಹಿಡಿದು ನಿಲ್ಲಿಸಿ ಇದನ್ನೊಂದು ಕೇಳಲೇಬೇಕಾಗಿತ್ತು. ಆ ಜಗಳಕ್ಕೂ ಅವರು ಸಿಗಲಿಲ್ಲ.